ಕುಪವಾಡದ ಸುತ್ತ: ಹತ್ತಿರದ ಬಸದಿಗಳು, ಓದದೆ ಉಳಿದ ಕಲ್ಲುಗಳು

ದೀಪಾವಳಿಯ ಖಾತೆಪೂಜೆ ಮುಗಿದು ಅಂಗಡಿಗೆ ನಾಲ್ಕು ದಿನ ಬಿಡುವು ಸಿಕ್ಕಿತೆಂದರೆ ನಮ್ಮ ಮನೆಗಳಲ್ಲಿ ಯಾತ್ರೆಯ ಮಾತು ಏಳುತ್ತದೆ. ಹಿರಿಯರಿಗೆ ಸಮ್ಮೇದ ಶಿಖರಜಿ ಆಗಬೇಕು, ಮಕ್ಕಳಿಗೆ ಗೋವೆಯ ಸಮುದ್ರ ಬೇಕು, ಮನೆಯೊಡತಿಗೆ ಶ್ರವಣಬೆಳಗೊಳಕ್ಕೆ ಹೋಗಿ ಬಹಳ ವರ್ಷವಾಯಿತೆಂಬ ಕೊರಗು. ರೈಲಿನ ಟಿಕೇಟು ಸಿಗುವುದಿಲ್ಲ, ಧರ್ಮಶಾಲೆಯಲ್ಲಿ ಕೋಣೆ ಖಾಲಿ ಇರುವುದಿಲ್ಲ. ಚರ್ಚೆಯಲ್ಲಿಯೇ ಎರಡು ದಿನ ಕಳೆದು ಮೂರನೆಯ ದಿನ ಅಂಗಡಿಯ ಬಾಗಿಲು ತೆರೆದಿರುತ್ತದೆ. ಹೀಗೆ ಬಿಡುವು ಕಳೆದುಕೊಳ್ಳುವ ಕುಟುಂಬಗಳಿಗಾಗಿ, ಬೆಳಿಗ್ಗೆ ಹೋಗಿ ಸಂಜೆ ಮರಳಬಹುದಾದ ಕೆಲವು ಸ್ಥಳಗಳನ್ನು ಇಲ್ಲಿ ಪರಿಚಯಿಸುತ್ತಿದ್ದೇವೆ. ಜೊತೆಗೆ ಆ ಸ್ಥಳಗಳಲ್ಲಿರುವ ಹಳೆಯ ಕಲ್ಲುಗಳ ಬಗ್ಗೆ ಒಂದು ಮಾತನ್ನೂ ಹೇಳಬೇಕಾಗಿದೆ.

ಕುಪವಾಡ ಎಂದೊಡನೆ ಇಂದು ನೆನಪಾಗುವುದು ಕಾರಖಾನೆಗಳ ವಸಾಹತು. ಸಾಂಗಲಿ ಮತ್ತು ಮಿರಜಗಳ ನಡುವೆ ಇರುವ ಈ ಊರು 1998ರಲ್ಲಿ ಅವೆರಡರೊಡನೆ ಸೇರಿ ಒಂದೇ ಮಹಾನಗರಪಾಲಿಕೆಯಾಯಿತು. ನೋಡಲು ಇಲ್ಲೇನಿದೆ ಎಂದು ಯಾರಾದರೂ ಕೇಳಿದರೆ ಊರಿನವರೇ ನಕ್ಕುಬಿಡುತ್ತಾರೆ. ಆದರೆ ನಕಾಶೆಯ ಮೇಲೆ ಕುಪವಾಡದಲ್ಲಿ ಕಂಪಾಸಿನ ಮುಳ್ಳನ್ನು ಊರಿ ಐವತ್ತು ಕಿಲೋಮೀಟರಿನ ಆಸುಪಾಸಿಗೆ ಒಂದು ಸುತ್ತು ಎಳೆಯಿರಿ. ಆ ಸುತ್ತಿನೊಳಗೆ ಶಿಲಾಹಾರರ ರಾಜಧಾನಿ ಇದೆ, ಕೃಷ್ಣಾ ನದಿಯ ಸಂಗಮಗಳಿವೆ, ಗುಹೆಯಲ್ಲಿ ನೆಲೆಸಿದ ಪಾರ್ಶ್ವನಾಥ ಸ್ವಾಮಿ ಇದ್ದಾನೆ, ಕನ್ನಡ ಅಕ್ಷರ ಹೊತ್ತ ಕಲ್ಲುಗಳಿವೆ. ಒಂಬೈನೂರು ವರ್ಷಗಳ ಹಿಂದೆ ಮಿರಜಕ್ಕೆ ‘ಮಿರಿಂಜೆ’ ಎಂದು ಹೆಸರು. ‘ಮಿರಿಂಜೆ ಮೂರುಸಾಸಿರ’ ಎಂಬ ನಾಡಿಗೆ ಅದು ಮುಖ್ಯ ಪಟ್ಟಣವಾಗಿತ್ತು. ಚಾಲುಕ್ಯ ಜಯಸಿಂಹನ 1024ರ ತಾಮ್ರಪಟವೂ ಶಿಲಾಹಾರ ಮಾರಸಿಂಹನ 1058ರ ತಾಮ್ರಪಟವೂ ಮಿರಜದಲ್ಲಿಯೇ ದೊರೆತವು. ಇಂದು ನಾವು ಆ ಊರನ್ನು ರೈಲು ಬದಲಿಸಲು, ಆಸ್ಪತ್ರೆಗೆ ಹೋಗಲು, ಹೆಚ್ಚೆಂದರೆ ಮಗಳ ಸಂಗೀತಕ್ಕೊಂದು ತಂಬೂರಿ ತರಲು ಬಳಸುತ್ತೇವೆ.

ಮೊದಲು ಖಿದ್ರಾಪುರ. ಕುಪವಾಡದಿಂದ ಸಾಂಗಲಿ, ಜಯಸಿಂಗಪುರ, ಶಿರೋಳ ದಾಟಿ, ಕೃಷ್ಣಾ-ಪಂಚಗಂಗಾ ಸಂಗಮದ ನರಸೋಬಾವಾಡಿ ಮತ್ತು ಕುರುಂದವಾಡದ ಮೇಲೆ ಹೋಗಬೇಕು. ದಾರಿಯುದ್ದಕ್ಕೂ ಕಬ್ಬಿನ ಗದ್ದೆ. ನವೆಂಬರಿನ ನಂತರವಾದರೆ ಕಬ್ಬಿನ ಗಾಡಿಗಳ ಸಾಲಿನ ಹಿಂದೆ ಸಿಕ್ಕಿಹಾಕಿಕೊಳ್ಳುವುದು ಖಂಡಿತ, ಆದ್ದರಿಂದ ಬೇಗ ಹೊರಡಿರಿ. ಕೃಷ್ಣೆಯ ದಂಡೆಯ ಮೇಲಿನ ಕೊಪ್ಪೇಶ್ವರ ದೇವಾಲಯವು 12ನೆಯ ಶತಮಾನದ ಶಿಲಾಹಾರರ ಕಾಲದ ಕಟ್ಟಡ. ಶಿವಾಲಯವಾದರೂ ಶಿಲ್ಪವನ್ನು ನೋಡಲು ನಾವೂ ಹೋಗಬೇಕಾದ ಸ್ಥಳ. ಮುಂಭಾಗದಲ್ಲಿರುವ ಸ್ವರ್ಗಮಂಟಪಕ್ಕೆ 48 ಕಂಬಗಳು. ನಡುಮಾಳಿಗೆಯನ್ನು ದುಂಡಗೆ ತೆರೆದೇ ಬಿಟ್ಟಿದ್ದಾರೆ. ಕೆಳಗಿನ ದುಂಡು ಚಪ್ಪಡಿಯ ಮೇಲೆ ನಿಂತು ಮೇಲೆ ನೋಡಿದರೆ ಕಲ್ಲಿನ ಬಳೆಯೊಳಗೆ ಆಕಾಶ ಕಾಣುತ್ತದೆ. ಹೊರಗೋಡೆಯ ಬುಡದಲ್ಲಿ ಆನೆಗಳ ಸಾಲು ಇಡೀ ಗುಡಿಯನ್ನೇ ಬೆನ್ನ ಮೇಲೆ ಹೊತ್ತಂತೆ ನಿಂತಿದೆ. ಮಕ್ಕಳಿಗೆ ಎಣಿಸಲು ಹೇಳಿರಿ. ಒಬ್ಬೊಬ್ಬರದು ಒಂದೊಂದು ಲೆಕ್ಕ ಬರುತ್ತದೆ, ಅರ್ಧ ಗಂಟೆ ಗಲಾಟೆ ಇರುವುದಿಲ್ಲ.

ಯಾದವ ಸಿಂಘಣನ 1213ರ ಸುಮಾರಿನ ನಾಗರಿ ಲಿಪಿಯ ಶಾಸನವಿರುವ ಈ ಗುಡಿಯಲ್ಲಿ ಕನ್ನಡ ಶಾಸನಗಳೂ ಇವೆ. ಆದರೆ ಪ್ರವಾಸಿಗಳಲ್ಲಿ ಬಹುಪಾಲು ಜನ ಸ್ವರ್ಗಮಂಟಪದಲ್ಲಿ ಫೋಟೋ ತೆಗೆಸಿಕೊಂಡು ಹಿಂದಿರುಗುತ್ತಾರೆ. ಅದೇ ಊರಿನಲ್ಲಿ, ನಾಲ್ಕು ಹೆಜ್ಜೆ ನಡೆದರೆ ಆದಿನಾಥ ಸ್ವಾಮಿಯ ಹಳೆಯ ಕಲ್ಲಿನ ಬಸದಿ ಇದೆ. ನಮ್ಮವರೇ ಎಷ್ಟೋ ಮಂದಿ ಅದನ್ನು ನೋಡದೆ ಬಂದವರಿದ್ದಾರೆ. ದೊಡ್ಡ ಗುಡಿಯ ಗಾತ್ರ ಅದಕ್ಕಿಲ್ಲ. ಆದರೆ ಶಿಲಾಹಾರರ ನಾಡಿನಲ್ಲಿ ಶಿವಾಲಯವೂ ಜಿನಾಲಯವೂ ಒಂದೇ ಊರಿನಲ್ಲಿ, ಒಂದೇ ನೀರು ಕುಡಿದು ಬಾಳಿದವು ಎಂಬುದು ಅಲ್ಲಿ ನಿಂತಾಗ ತಿಳಿಯುತ್ತದೆ. 2005ರಲ್ಲಿ, ಮತ್ತೆ 2019ರಲ್ಲಿ ಶಿರೋಳ ತಾಲೂಕಿನ ಹಳ್ಳಿಗಳಿಗೆ ಮಹಾಪೂರ ಬಂದಿತು. ಮಳೆಗಾಲದಲ್ಲಿ ಹೊರಡುವ ಮೊದಲು ಹೊಳೆಯ ಸುದ್ದಿ ವಿಚಾರಿಸುವುದು ಒಳ್ಳೆಯದು.

ಖಿದ್ರಾಪುರಕ್ಕೆ ಬಹಳ ದೂರವಿಲ್ಲದ ಸದಲಗಾ ಗ್ರಾಮವು ಇಂದು ಬೆಳಗಾವಿ ಜಿಲ್ಲೆಯಲ್ಲಿದೆ. ಆಚಾರ್ಯ ಶ್ರೀ ವಿದ್ಯಾಸಾಗರ ಮಹಾರಾಜರು 1946ರಲ್ಲಿ ಜನಿಸಿದ ಊರೆಂದು ಇದನ್ನು ಎಲ್ಲರೂ ಬಲ್ಲರು. ಪ್ರಾಕೃತ ವಿದ್ವಾಂಸ ಡಾ. ಆ. ನೇ. ಉಪಾಧ್ಯೆಯವರ ಊರೂ ಇದೇ ಎಂಬುದನ್ನು ಕೆಲವರೇ ಬಲ್ಲರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸುತ್ತ, ಕುಂದಕುಂದಾಚಾರ್ಯರ ಪ್ರವಚನಸಾರವನ್ನು ಸಂಪಾದಿಸಿದ ಅವರು 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. ಈ ಸೀಮೆಯ ಜೈನರಿಗೆ ಮರಾಠಿ ಮತ್ತು ಕನ್ನಡ ಎರಡೂ ಮನೆಯ ಭಾಷೆಗಳೇ ಆಗಿದ್ದವು. ಈಗಲೂ ಹಲವು ಮನೆಗಳಲ್ಲಿ ಅಂಗಡಿಯ ಲೆಕ್ಕ ಮರಾಠಿಯಲ್ಲಿ, ಅಜ್ಜಿಯ ಬೈಗುಳ ಕನ್ನಡದಲ್ಲಿ. ಮೊಮ್ಮಕ್ಕಳಿಗೆ ಬೈಗುಳ ತಿಳಿಯುತ್ತದೆ, ಅಕ್ಷರ ತಿಳಿಯುವುದಿಲ್ಲ.

ಎರಡನೆಯ ದಾರಿ ಕೊಲ್ಹಾಪುರದ್ದು. ಹಾತಕಣಂಗಲೆಯ ಕಡೆಗೆ ತಿರುಗುವ ಮೊದಲು ಕುಂಭೋಜದ ಬಾಹುಬಲಿ ಕ್ಷೇತ್ರಕ್ಕೆ ಎಲ್ಲರೂ ಹೋಗುತ್ತೇವೆ. 1963ರಲ್ಲಿ ಸ್ಥಾಪಿಸಿದ 28 ಅಡಿ ಎತ್ತರದ ಅಮೃತಶಿಲೆಯ ಮೂರ್ತಿಯ ಬಗ್ಗೆ ನಮ್ಮ ಓದುಗರಿಗೆ ಹೊಸದಾಗಿ ಹೇಳುವ ಅಗತ್ಯವಿಲ್ಲ. ಅದನ್ನು ದಾಟಿ ಕೊಲ್ಹಾಪುರದತ್ತ ಸಾಗಿದರೆ ಹೇರ್ಲೆ ಎಂಬ ಊರು ಸಿಗುತ್ತದೆ. ಬಸ್ಸಿನಲ್ಲಿ ಕುಳಿತವರು ಕಣ್ಣೆತ್ತಿಯೂ ನೋಡದ ಈ ಊರನ್ನು ಶಿಲಾಹಾರರ ಶಾಸನ ‘ಹಾವಿನ ಹೇರಿಲಗೆ’ ಎಂದು ಕರೆದಿದೆ. 1143ರಲ್ಲಿ, ವಿಜಯಾದಿತ್ಯನ ಆಳಿಕೆಯಲ್ಲಿ, ಮಾಘನಂದಿ ಸೈದ್ಧಾಂತಿಕರ ಶಿಷ್ಯನಾದ ವಾಸುದೇವನೆಂಬವನು ಇಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ಅದರ ಪೂಜೆಗೆ, ಜೀರ್ಣೋದ್ಧಾರಕ್ಕೆ, ಮುನಿಗಳ ಆಹಾರದಾನಕ್ಕೆಂದು ಹೊಲ, ಹೂದೋಟ, ಮನೆಯ ನಿವೇಶನಗಳನ್ನು ಬಿಡಲಾಯಿತು.

ಕೊಲ್ಹಾಪುರದ ಶುಕ್ರವಾರ ಪೇಟೆ ನಮಗೆ ಲಕ್ಷ್ಮೀಸೇನ ಭಟ್ಟಾರಕರ ಮಠದಿಂದ ಪರಿಚಿತ. ಆ ಭಾಗದಲ್ಲಿ ದೊರೆತ ಇನ್ನೊಂದು ಕನ್ನಡ ಶಾಸನವನ್ನು ವ್ಯಾಪಾರಿ ಕುಟುಂಬದ ಪ್ರತಿಯೊಬ್ಬರೂ ತಿಳಿದಿರಬೇಕು. ಅದು ಶಕ 1058ರದು, ಎಂದರೆ 1135ನೆಯ ಇಸವಿಯದು. ಗಂಡರಾದಿತ್ಯನ ಸಾಮಂತ ನಿಂಬದೇವರಸನು ಊರಿನ ಕವಡೆಗೊಳ್ಳ ಎಂಬ ಸಂತೆಯಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ್ದ. ಕಾಡಿನಲ್ಲೋ ಬೆಟ್ಟದಲ್ಲೋ ಅಲ್ಲ, ಸಂತೆಯ ನಡುವೆ ಎಂಬುದನ್ನು ಗಮನಿಸಬೇಕು. ಆ ಬಸದಿಗೆ ಅಯ್ಯಾವೊಳೆ ಐನೂರ್ವರ ಸಂಘಕ್ಕೆ ಸೇರಿದ ವರ್ತಕರು, ಕೊಲ್ಲಾಪುರ, ಮಿರಿಂಜೆ ಮೊದಲಾದ ಊರುಗಳವರು ಕೂಡಿ, ತಮ್ಮ ಸರಕಿನ ಮೇಲೆ ತಾವೇ ಆಯ ಹಾಕಿಕೊಂಡು ದಾನ ಕೊಟ್ಟರು. ದಾನವನ್ನು ರೂಪನಾರಾಯಣ ಬಸದಿಯ ಶ್ರುತಕೀರ್ತಿ ತ್ರೈವಿದ್ಯದೇವರಿಗೆ ಒಪ್ಪಿಸಿದರು.

ಅಯ್ಯಾವೊಳೆ ಎಂದರೆ ಇಂದಿನ ಐಹೊಳೆ. ಅಲ್ಲಿಂದ ಹೊರಟ ಐನೂರ್ವರ ಹೆಸರು ಇಡೀ ದಕ್ಷಿಣ ಭಾರತದ ಪೇಟೆಗಳಲ್ಲಿ ನಡೆಯುತ್ತಿತ್ತು. ಇಂಥ ಶಾಸನಗಳಲ್ಲಿ ದಾನದ ರೀತಿ ಬಲು ಲೆಕ್ಕಾಚಾರದ್ದು: ಎಲೆಯ ಹೇರಿಗೆ ಇಷ್ಟು ಎಲೆ, ದವಸದ ಹೇರಿಗೆ ಇಷ್ಟು ಮಾನ, ಗಾಣಕ್ಕೆ ಇಷ್ಟು ಎಣ್ಣೆ. ಒಬ್ಬನ ಮೇಲೂ ಭಾರ ಬೀಳದು, ದೀಪವೂ ಆರದು. ನಮ್ಮ ತಂದೆ-ಅಜ್ಜಂದಿರ ಕಾಲದ ಅಡತಿ ಪಟ್ಟಿಗಳನ್ನು ತೆಗೆದು ನೋಡಿರಿ. ಹಮಾಲಿ, ತೋಲಾಯಿಗಳ ಕೆಳಗೆ ‘ಧರ್ಮಾದಾಯ’ ಎಂಬ ಒಂದು ಕಲಮು ಇರುತ್ತದೆ. ಅದರ ಮೂಲ ಎಷ್ಟು ಹಳೆಯದೆಂಬುದಕ್ಕೆ ಕೊಲ್ಹಾಪುರದ ಕಲ್ಲೇ ಸಾಕ್ಷಿ.

ಇದೊಂದೇ ಅಲ್ಲ. ಮಿರಜದಿಂದ ಅಥಣಿಯ ಮೇಲೆ ಹೋದರೆ ಸಿಗುವ ತೇರದಾಳದಲ್ಲಿ ಮಾಂಡಲಿಕ ಗೊಂಕನು 1123ರಲ್ಲಿ ನೇಮಿನಾಥ ಬಸದಿಯನ್ನು ಕಟ್ಟಿಸಿದಾಗ ಅದರ ಪ್ರತಿಷ್ಠೆಗೆ ಕೊಲ್ಹಾಪುರದ ಮಾಘನಂದಿ ಸೈದ್ಧಾಂತಿಕರ ಸಂಬಂಧವಿತ್ತು. ಮುಂದೆ 1187ರಲ್ಲಿ ಅದೇ ಬಸದಿಗೆ ವರ್ತಕರ ದಾನ ಸೇರಿತು. ಬೆಳಗಾವಿಯಲ್ಲಿ ರಟ್ಟರ ಮಂತ್ರಿ ಬೀಚಿರಾಜನು ಕಟ್ಟಿಸಿದ ರಟ್ಟಜಿನಾಲಯದ 1204ರ ಶಾಸನಗಳಲ್ಲಿ ಲಾಳ ದೇಶದ, ಎಂದರೆ ಗುಜರಾತಿನ ಕಡೆಯ ವರ್ತಕರೂ ಮಲೆಯಾಳದ ವರ್ತಕರೂ ದಾನಿಗಳ ಸಾಲಿನಲ್ಲಿ ನಿಂತಿದ್ದಾರೆ. ಸಾಂಗಲಿಯ ಪೇಟೆಯಲ್ಲಿರುವ ನಮ್ಮ ಗುಜರಾತಿ ಬಂಧುಗಳು ಈ ಸೀಮೆಗೆ ತಾವು ಹೊಸಬರೆಂದು ತಿಳಿಯಬೇಕಾಗಿಲ್ಲ. ಆದರೆ ಆ ಬೆಳಗಾವಿಯ ಕಲ್ಲುಗಳನ್ನು ನೋಡಬೇಕೆಂದರೆ ಬೆಳಗಾವಿಗೆ ಹೋದರೆ ಆಗದು. ಅವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಲಂಡನ್ನಿಗೆ ಹೋದ ಕಲ್ಲು ನಷ್ಟವಾಯಿತೆಂದು ನಾವು ಮರುಗುತ್ತೇವೆ. ಅಲ್ಲಿ ಅದು ಕನಿಷ್ಠ ಸುರಕ್ಷಿತವಾಗಿದೆ. ನಮ್ಮ ಊರಿನಲ್ಲಿಯೇ ಉಳಿದವುಗಳ ಗತಿ ಏನು? ಒಂದು ಊರಿನ ಬಸದಿಯಲ್ಲಿ, ಹೆಸರು ಬೇಡ, ಬಾಗಿಲ ಪಕ್ಕದ ಶಾಸನಕ್ಕೆ ಪ್ರತಿವರ್ಷ ಪಂಚಕಲ್ಯಾಣದ ವಾರ್ಷಿಕೋತ್ಸವದ ಮುಂಚೆ ಎಣ್ಣೆಬಣ್ಣ ಬಳಿಯುತ್ತಾರೆ. ಅಕ್ಷರದ ಕುಳಿಗಳೆಲ್ಲ ತುಂಬಿ ಕಲ್ಲು ಈಗ ಹಲಗೆಯಂತೆ ನುಣ್ಣಗಾಗಿದೆ. ಇದರಲ್ಲಿ ಏನು ಬರೆದಿದೆ ಎಂದು ಕೇಳಿದಾಗ ಅಲ್ಲಿದ್ದ ವೃದ್ಧರೊಬ್ಬರು, “ಹಳೇ ಕಲ್ಲು ಬಿಡ್ರಿ, ಅದರಾಗ ಏನೈತಿ? ಬಣ್ಣಾ ಹಚ್ಚಿದ್ರ ಛಂದ ಕಾಣತೈತಿ” ಎಂದರು. ಅವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಬಸದಿಯ ಅಂಗಳವನ್ನು ಗುಡಿಸುವವರೂ ಅವರೇ.

ಕಲ್ಲು ಹಾಳಾಗುವುದು ವೈರಿಗಳಿಂದಲೇ ಎಂದು ನಾವು ತಿಳಿದಿದ್ದೇವೆ. ನಾವು ಕಂಡಂತೆ, ಇತ್ತೀಚಿನ ದಶಕಗಳಲ್ಲಿ ಹೆಚ್ಚು ಹಾನಿ ಆಗಿರುವುದು ಜೀರ್ಣೋದ್ಧಾರದಿಂದ. ಹಳೆಯ ನೆಲಹಾಸಿನ ಚಪ್ಪಡಿಗಳನ್ನು ಕಿತ್ತು ಟೈಲ್ಸ್ ಹಾಕುತ್ತಾರೆ. ಕಿತ್ತ ಚಪ್ಪಡಿಗಳಲ್ಲಿ ಒಂದೆರಡು ಸಲ್ಲೇಖನದಿಂದ ದೇಹವಿಟ್ಟವರ ನಿಷಿಧಿ ಕಲ್ಲುಗಳಿದ್ದರೆ ಅವು ಬಾವಿಯ ಕಟ್ಟೆಗೆ ಹೋಗುತ್ತವೆ, ಬಟ್ಟೆ ಒಗೆಯಲು ಬಳಕೆಯಾಗುತ್ತವೆ. ಗೋಡೆಗೆ ಗ್ರಾನೈಟ್ ಹೊದಿಸಿ ಅದರ ಮೇಲೆ ದಾನಿಗಳ ಹೆಸರಿನ ಅಮೃತಶಿಲೆಯ ಫಲಕ ಕೂರಿಸುತ್ತಾರೆ. ಅಂದಿನ ದಾನಿಗಳ ಹೆಸರನ್ನು ಮುಚ್ಚಿ ಇಂದಿನ ದಾನಿಗಳ ಹೆಸರು! ಆ ಹಳೆಯ ಶಾಸನಗಳ ಕೊನೆಯಲ್ಲಿ, ಕೊಟ್ಟ ದಾನವನ್ನು ಅಳಿದವನಿಗೆ ಎಂಥ ಗತಿ ಬರುವುದೆಂದು ಕಟುವಾಗಿ ಬರೆದಿರುತ್ತಾರೆ. ಓದಲು ಬಂದಿದ್ದರೆ ಮೇಸ್ತ್ರಿಯೇ ಉಳಿ ಕೆಳಗಿಡುತ್ತಿದ್ದ.

ಟ್ರಸ್ಟಿಗಳ ಕಷ್ಟವೂ ಸುಳ್ಳಲ್ಲ. ಬಸದಿ ಮ್ಯೂಸಿಯಂ ಅಲ್ಲ, ನಿತ್ಯ ಅಭಿಷೇಕ-ಪೂಜೆ ನಡೆಯುವ ಸ್ಥಳ. ಮಾಳಿಗೆ ಸೋರುತ್ತದೆ, ಸವೆದ ಕಲ್ಲಿನ ಮೇಲೆ ವಯಸ್ಸಾದವರು ಜಾರುತ್ತಾರೆ, ಚಾತುರ್ಮಾಸಕ್ಕೆ ಮುನಿಸಂಘ ಬಂದರೆ ಕೂರಲು ಸ್ಥಳ ಸಾಲದು. ಇದಕ್ಕೆಲ್ಲ ಕೆಲಸ ಆಗಲೇಬೇಕು. ಸಭಾಮಂಟಪ ಬೇಕಿದ್ದರೆ ಪಕ್ಕದಲ್ಲಿ ಕಟ್ಟಬಹುದು, ಸೋರುವ ಮಾಳಿಗೆಗೆ ಸುಣ್ಣದ ಗಾರೆಯ ಹಳೆಯ ಉಪಾಯವಿದೆ. ಸರಕಾರದ ಸಂರಕ್ಷಣೆಯಲ್ಲಿರುವ ಸ್ಮಾರಕವಾದರೆ ಸುತ್ತಲಿನ ನೂರು ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಆದರೆ ನಮ್ಮ ಊರೂರಿನ ಬಸದಿಗಳಲ್ಲಿ ಬಹುಪಾಲು ಅಂಥ ಪಟ್ಟಿಯಲ್ಲಿಲ್ಲ. ಅಲ್ಲಿ ಕಲ್ಲು ಉಳಿಯುವುದೂ ಹೋಗುವುದೂ ಟ್ರಸ್ಟಿಗಳ ಒಂದು ಸಂಜೆಯ ಸಭೆಯಲ್ಲಿ ತೀರ್ಮಾನವಾಗುತ್ತದೆ. ಆ ಸಭೆಯಲ್ಲಿ ದೊಡ್ಡ ಮೊತ್ತ ಬರೆಸುವವರ ಮಾತಿಗೆ ಬೆಲೆ ಇರುತ್ತದೆ. ಈ ಪತ್ರಿಕೆ ಓದುವ ಮನೆಗಳಲ್ಲಿ ಅಂಥವರು ಅನೇಕರಿದ್ದಾರೆ. ಹಣ ಬರೆಸುವಾಗ, “ಹಳೆಯ ಕಲ್ಲುಗಳ ಫೋಟೋ ಮತ್ತು ಅಚ್ಚು ತೆಗೆಸಿದ ಮೇಲೆಯೇ ಕೆಲಸ ಆರಂಭಿಸಬೇಕು” ಎಂಬ ಒಂದು ಕರಾರು ಹಾಕಲು ಖರ್ಚೇನೂ ಇಲ್ಲ.

ಶಾಸನದ ಕಲ್ಲನ್ನು ಗುರುತಿಸುವುದು ಕಷ್ಟವಲ್ಲ. ಮೇಲ್ಭಾಗದಲ್ಲಿ ಮುಕ್ಕೊಡೆಯ ಕೆಳಗೆ ಕುಳಿತ ಜಿನಬಿಂಬ, ಅಕ್ಕಪಕ್ಕದಲ್ಲಿ ಸೂರ್ಯ-ಚಂದ್ರರು, ಒಮ್ಮೊಮ್ಮೆ ಆಕಳು-ಕರು. ಸೂರ್ಯಚಂದ್ರರಿರುವ ತನಕ ಈ ದಾನ ನಡೆಯಲಿ ಎಂಬುದು ಆ ಚಿಹ್ನೆಯ ಅರ್ಥ. ಅದರ ಕೆಳಗಿನ ಸಾಲುಗಳು ಹಳೆಗನ್ನಡ ಲಿಪಿಯವು. ಇಂದಿನ ಕನ್ನಡ ಬಲ್ಲವರಿಗೂ ಒಮ್ಮೆಗೇ ಓದಲು ಬಾರದು. ತಂತಿಯ ಬ್ರಷ್ಷಿನಿಂದ ತಿಕ್ಕಬಾರದು, ಆಮ್ಲ ಹಾಕಬಾರದು, ಅಕ್ಷರಗಳಿಗೆ ಬಣ್ಣ ತುಂಬಬಾರದು. ನೀರು ಮತ್ತು ಮೆತ್ತನೆಯ ಕುಂಚ ಸಾಕು. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಕಲ್ಲಿನ ಮೇಲೆ ಬಿದ್ದಾಗ ಸವೆದ ಅಕ್ಷರಗಳೂ ನೆರಳಿನಿಂದ ಎದ್ದು ಕಾಣುತ್ತವೆ. ಫೋಟೋ ತೆಗೆಯಲು ಅದೇ ಸಮಯ. ನೆರಳಿನಲ್ಲಿರುವ ಕಲ್ಲಿಗೆ ರಾತ್ರಿ ಬ್ಯಾಟರಿಯನ್ನು ಪಕ್ಕದಿಂದ ಹಿಡಿದರೂ ಆಗುತ್ತದೆ. ತಜ್ಞರು ತೆಗೆಯುವ ಅಚ್ಚಿನ ವಿಧಾನ ಬೇರೆ: ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಕುಂಚದಿಂದ ಬಡಿದು ಕುಳಿಗಳೊಳಗೆ ಇಳಿಸಿ, ಆಮೇಲೆ ಮಸಿಯ ಉಂಡೆಯನ್ನು ಮೇಲೆ ಒತ್ತುತ್ತಾರೆ. ಉಬ್ಬಿದ ಭಾಗ ಕಪ್ಪಾಗಿ, ಅಕ್ಷರ ಬಿಳಿಯಾಗಿ ಮೂಡುತ್ತದೆ. ಇಂಥ ಅಚ್ಚುಗಳನ್ನು ಓದಿ ಪ್ರಕಟಿಸುವ ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆ ನಮಗೆ ಇನ್ನೂ ಹತ್ತಿರ.

ಜೀರ್ಣೋದ್ಧಾರದ ಅರ್ಥವನ್ನು ನಮಗೆ ತಿಳಿಸಿದವರು ಇದೇ ನೆಲದ ಚಾರಿತ್ರಚಕ್ರವರ್ತಿ ಆಚಾರ್ಯ ಶ್ರೀ ಶಾಂತಿಸಾಗರ ಮಹಾರಾಜರು. 1872ರಲ್ಲಿ ಯಳಗೂಡದಲ್ಲಿ ಜನಿಸಿ, ದೂಧಗಂಗಾ-ವೇದಗಂಗೆಗಳು ಕೂಡುವ ಭೋಜ ಗ್ರಾಮದಲ್ಲಿ ಬೆಳೆದವರು. ಮೂಡುಬಿದಿರೆಯ ತಾಳೆಗರಿಗಳಲ್ಲಿ ಹಳೆಗನ್ನಡ ಲಿಪಿಯಲ್ಲಿದ್ದ ಧವಲಾದಿ ಸಿದ್ಧಾಂತ ಗ್ರಂಥಗಳು ಹುಳು ಹಿಡಿದು ಹೋಗುತ್ತಿರುವುದನ್ನು ತಿಳಿದು ಅವರು ಕಳವಳಪಟ್ಟರು. 1940ರ ದಶಕದಲ್ಲಿ ಅವರ ಪ್ರೇರಣೆಯಿಂದ ಹುಟ್ಟಿದ ಸಂಸ್ಥೆಯ ಹೆಸರೇ ‘ಜಿನವಾಣಿ ಜೀರ್ಣೋದ್ಧಾರಕ ಸಂಸ್ಥೆ’. ಶ್ರಾವಕರ ಹಣದಿಂದ ಆ ಗ್ರಂಥಗಳನ್ನು ತಾಮ್ರಪಟಗಳ ಮೇಲೆ ಕೊರೆಸಲಾಯಿತು. ಅಲ್ಲಿ ಉದ್ಧಾರವಾದದ್ದು ಅಕ್ಷರ.

ಇನ್ನು ಮಕ್ಕಳು ಹೆಚ್ಚು ಇಷ್ಟಪಡುವ ದಾರಿ ಕುಂಡಲದ್ದು. ಸಾಂಗಲಿಯಿಂದ ಪುಣೆಯ ಕಡೆಗೆ ಹೋಗುವ ರೈಲಿನಲ್ಲಿ ನಾಂದ್ರೆ, ಭಿಲವಡಿ ಆದ ಮೇಲೆ ಕಿರ್ಲೋಸ್ಕರವಾಡಿ. 1910ರಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರರು ನೇಗಿಲಿನ ಕಾರಖಾನೆಗಾಗಿ ಬರಡು ನೆಲದ ಮೇಲೆ ಕಟ್ಟಿಸಿದ ಊರು ಇದು. ಪಕ್ಕದ ಕುಂಡಲ 1942ರ ನಂತರದ ಪ್ರತಿಸರಕಾರ ಚಳವಳಿಯ ಕಾಲದಲ್ಲಿ ಹೆಸರಾಯಿತು. ನಮಗೆ ಅದು ಅತಿಶಯ ಕ್ಷೇತ್ರ. ಊರಲ್ಲಿ ಕಲಿಕುಂಡ ಪಾರ್ಶ್ವನಾಥ, ಗುಡ್ಡದ ಗುಹೆಯಲ್ಲಿ ಝರಿ ಪಾರ್ಶ್ವನಾಥ, ಇನ್ನೊಂದು ಗುಡ್ಡದ ಮೇಲೆ ಗಿರಿ ಪಾರ್ಶ್ವನಾಥ. ಝರಿ ಪಾರ್ಶ್ವನಾಥನ ಗುಹೆಯೊಳಗೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತದೆ. ಹೊರಗೆ ಬಿಸಿಲಿನಲ್ಲಿ ಏರಿ ಬಂದವರಿಗೆ ಒಳಗಿನ ತಂಪು ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಮೊದಲೇ ಮೈಗೆ ತಾಗುತ್ತದೆ. ಎರಡೂ ಗುಡ್ಡಗಳನ್ನು ಒಂದೇ ದಿನ ಹತ್ತಬಹುದು. ಮೊಣಕಾಲು ನೋವಿನವರು ಒಂದಕ್ಕೇ ತೃಪ್ತಿಪಡಲಿ. ಆಶ್ವಯುಜ-ಕಾರ್ತಿಕದಲ್ಲಿ ಗುಡ್ಡ ಹಸುರಾಗಿರುತ್ತದೆ, ಮೇಲಿನಿಂದ ಕೃಷ್ಣಾ ಕಣಿವೆಯ ಕಬ್ಬು-ದ್ರಾಕ್ಷಿಯ ಹೊಲಗಳು ಚೌಕುಳಿಯಂತೆ ಕಾಣುತ್ತವೆ. ಮಳೆಗಾಲದಲ್ಲಿ ದಾರಿಯ ಮೇಲೆ ಸಣ್ಣ ಜೀವಿಗಳು ಬಹಳ. ಸೂರ್ಯೋದಯದ ನಂತರ, ನೋಡಿ ಹೆಜ್ಜೆಯಿಟ್ಟು ಹತ್ತುವುದು ಶ್ರಾವಕರಿಗೆ ಹೇಳಬೇಕಾದ ಮಾತಲ್ಲ.

ಮರಳುವಾಗ ಹೊತ್ತು ಉಳಿದಿದ್ದರೆ ಸಾಂಗಲಿಯ ಹತ್ತಿರದ ಹರಿಪುರಕ್ಕೆ ಗಾಡಿ ತಿರುಗಿಸಿರಿ. ಕೃಷ್ಣೆ ಮತ್ತು ವಾರಣೆ ಕೂಡುವ ಸ್ಥಳ ಅದು, ಸಂಗಮೇಶ್ವರನ ಹಳೆಯ ಗುಡಿಯಿದೆ. ಸಾಂಗಲಿಯ ಅರಿಸಿನ ವ್ಯಾಪಾರಕ್ಕೆ ಹೆಸರು ತಂದ ಹಗೇವುಗಳು ಇದ್ದದ್ದು ಈ ಊರಿನ ನೆಲದಲ್ಲಿಯೇ. ನೆಲದೊಳಗೆ ತೋಡಿದ ಆ ಕುಳಿಗಳಲ್ಲಿ ಅರಿಸಿನ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳು ಬೀಳುತ್ತಿರಲಿಲ್ಲ. ಮರಾಠಿಯಲ್ಲಿ ಅವುಗಳಿಗೆ ಪೇವು ಎನ್ನುತ್ತಾರೆ. 2005ರ ಮಹಾಪೂರದ ನೀರು ನುಗ್ಗಿ ಎಷ್ಟೋ ಹಗೇವುಗಳು ಹಾಳಾದವು, ಆಮೇಲೆ ದಾಸ್ತಾನು ಗೋದಾಮುಗಳಿಗೆ ಹೋಯಿತು. ಅರಿಸಿನದ ಧಂದೆಯಲ್ಲಿದ್ದ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋದರೆ ಯಾವ ಹಗೇವಿನಲ್ಲಿ ಎಷ್ಟು ಚೀಲ ಹಿಡಿಯುತ್ತಿತ್ತು, ಅದರೊಳಗೆ ಇಳಿಯುವ ಮೊದಲು ದೀಪ ಇಳಿಬಿಟ್ಟು ಗಾಳಿ ನೋಡುತ್ತಿದ್ದುದು ಹೇಗೆ ಎಂಬುದನ್ನೆಲ್ಲ ಹೇಳುತ್ತಾರೆ. ಮಕ್ಕಳು ಅದನ್ನು ಒಂದು ವಹಿಯಲ್ಲಿ ಬರೆದುಕೊಳ್ಳಲಿ.

ಸಂಜೆಯ ಊಟದ ವ್ಯವಸ್ಥೆಯನ್ನು ಹೊರಡುವಾಗಲೇ ಮಾಡಿಕೊಳ್ಳುವುದು ಮೇಲು. ಖಿದ್ರಾಪುರದಲ್ಲಿಯೂ ಕುಂಡಲದ ಗುಡ್ಡದಲ್ಲಿಯೂ ಹೊತ್ತು ಇಳಿಯುವುದು ತಿಳಿಯುವುದಿಲ್ಲ. ದಶಮಿ, ಚಟ್ನಿಪುಡಿ, ಗಾಳಿಸಿದ ನೀರು ಜೊತೆಗಿರಲಿ. ಸೂರ್ಯಾಸ್ತಕ್ಕೆ ಮುಂಚೆ ಹೊಳೆಯ ದಂಡೆಯಲ್ಲಿಯೇ ಕುಳಿತು ಉಂಡು ಹೊರಟರೆ ಏಳೂವರೆ, ಎಂಟಕ್ಕೆ ಕುಪವಾಡ.